ಗಾಣದ ಒಲೆ ನುಂಗಿದ ಬಣ್ಣ

ಮಮದಾಪುರದ ಚನ್ನವ್ವನಿಗೆ ಅನುಮಾನ ಬರದ ವಸ್ತು ಈ ಭೂಮಿಯ ಮೇಲೆ ಇರಲಿಲ್ಲ. ಕೋಳಿ ಎರಡು ಸಲ ಕೂಗಿದರೆ ಅದರಲ್ಲೊಂದು ಕೂಗು ಯಾರೋ ಮನುಷ್ಯರದು ಎನ್ನುವಳು. ಅಂಗಡಿಯಲ್ಲಿ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ಮೂಗಿಗೆ ಹಿಡಿದು ಮೂಸಿ, ಕೊನೆಗೆ ಅಂಗಡಿಯವನ ಮುಖವನ್ನೊಮ್ಮೆ ನೋಡಿ, ಆ ಕಾಯಿ ಬಿಟ್ಟು ಬೇರೆ ಕಾಯಿ ಎತ್ತಿಕೊಳ್ಳುವಳು. ನಾಳೆ ಮಳೆ ಎಂದು ಟಿವಿಯ ಹುಡುಗಿ ಹೇಳಿದಾಗ, "ಈಕಿ ಹೊರಗ ಹಣಿಕಿ ನೋಡದನ ಹೇಳಾಕತ್ತಾಳ" ಅಂದಳು. ಮರುದಿನ ಮಳೆ ಬಂದು ಅಂಗಳ ತುಂಬಿ ಹರಿಯಿತು. ಆಗಲೂ ಚನ್ನವ್ವ ಒಪ್ಪಲಿಲ್ಲ. ಈ ಮಳೆ ಬೇರೆ, ಆಕೆ ಹೇಳಿದ ಮಳೆ ಬೇರೆ ಎಂದಳು.

ಅಂಥ ಚನ್ನವ್ವನ ಅನುಮಾನವೆಲ್ಲ ಈಗ ಎರಡು ತಿಂಗಳಿಂದ ಒಂದೇ ಕಡೆ ಬೀಡು ಬಿಟ್ಟಿತ್ತು. ಸೊಸೆ ಶೈಲಾಳ ಬಾಯಿಯ ಮೇಲೆ.

ಆ ಬಾಯಿ ಸಾಮಾನ್ಯದ್ದಲ್ಲ. ಮೈಕು ಹಿಡಿದು ನಿಂತಳೆಂದರೆ ಎರಡು ತಾಸು ಜನರನ್ನು ನಗಿಸುವ ಬಾಯಿ. ಊರಿನ ಹೆಣ್ಣುಮಕ್ಕಳ ಸಂಘದಲ್ಲಿ ಒಂದು ದಿನ ಸುಮ್ಮನೆ ಎದ್ದು ನಿಂತು ಮಾತಾಡಿದ್ದಳು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಬಿಟ್ಟರು. ಅಲ್ಲಿಂದ ಮುಂದೆ ಗೋಕಾಕ, ಮೂಡಲಗಿ, ಹುಕ್ಕೇರಿ ಸುತ್ತಿನಲ್ಲಿ ಎಲ್ಲಿ ಸಭೆ, ಗ್ಯಾದರಿಂಗ್ ಆದರೂ ಶೈಲಾಳನ್ನು ಕರೆಯಿರಿ ಎನ್ನುವಂತಾಯಿತು. ಕೊಣ್ಣೂರಿನಲ್ಲಿ ಒಬ್ಬ ಮುದುಕ ನಕ್ಕ ರಭಸಕ್ಕೆ ಅವನ ಕಟ್ಟಿಸಿದ ಹಲ್ಲಿನ ಸೆಟ್ಟು ಹಾರಿ ಮೂರು ಸಾಲು ಮುಂದಿದ್ದವನ ಚಹಾದಲ್ಲಿ ಬಿತ್ತು. ಅವನು ಅದನ್ನು ಬಿಸ್ಕೀಟು ಎಂದು ತಿಳಿದು ಅದ್ದಿ ಅದ್ದಿ ಕಡಿಯುತ್ತಿದ್ದನಂತೆ.

ಶೈಲಾಳ ಬಣ್ಣ ಕಪ್ಪು. ಮೈ ಗಟ್ಟಿಮುಟ್ಟು. ಮುಂದಿನ ಎರಡು ಹಲ್ಲು ಉಳಿದ ಹಲ್ಲುಗಳಿಗೆ ದಾರಿ ತೋರಿಸುವಂತೆ ಮುಂದೆ ಬಂದಿದ್ದವು. ಬೇರೆಯವರು ಆಡಿಕೊಳ್ಳುವ ಮೊದಲೇ ಅದನ್ನೆಲ್ಲ ತಾನೇ ಮೈಕಿನಲ್ಲಿ ಹೇಳುತ್ತಿದ್ದಳು, ಹೇಳಿ ಹೇಳಿ ಕೊನೆಗೆ ಆಡಿಕೊಳ್ಳುವವರ ಮುಖಕ್ಕೇ ಕನ್ನಡಿ ಹಿಡಿಯುತ್ತಿದ್ದಳು. ಅವಳನ್ನು ನೋಡಿ ನಗಲು ಬಂದವರು ತಮ್ಮನ್ನೇ ನೋಡಿ ನಗುತ್ತ ಮನೆಗೆ ಹೋಗುತ್ತಿದ್ದರು.

ಇದರಲ್ಲಿ ಚನ್ನವ್ವನಿಗೆ ತಕರಾರು ಇರಲಿಲ್ಲ. ಸೊಸೆ ತನ್ನ ಬಣ್ಣದ ಕಥೆ ಎಷ್ಟಾದರೂ ಹೇಳಿಕೊಳ್ಳಲಿ. ಆದರೆ ಚನ್ನವ್ವನ ಬಣ್ಣಕ್ಕೂ ಒಂದು ಕಥೆ ಇತ್ತು. ಅದು ಹೊರಗೆ ಬಿದ್ದರೆ ಐವತ್ತು ವರ್ಷ ಕಟ್ಟಿದ ಸಂಸಾರ ಒಂದೇ ದಿನದಲ್ಲಿ ಅಲ್ಲಾಡುತ್ತಿತ್ತು.

ಕಥೆ ಹೀಗಿದೆ. ಚನ್ನವ್ವನ ತವರು ಸಂಕೇಶ್ವರ. ಐವತ್ತು ವರ್ಷದ ಹಿಂದೆ ಮಮದಾಪುರದಿಂದ ಕನ್ಯಾ ನೋಡಲು ಹುಡುಗನ ಅಪ್ಪ ಮತ್ತು ಕಾಕಾ ಬಂದರು. ಹುಡುಗನನ್ನು ಕರೆತರುವ ಪದ್ಧತಿ ಆಗ ಇರಲಿಲ್ಲ. ಚನ್ನವ್ವ ದೋಸೆಯ ಹಂಚಿನಷ್ಟು ಕಪ್ಪು. ತಂಗಿ ಬಾಳವ್ವ ಆಗ ತಾನೇ ಕಡೆದ ಬೆಣ್ಣೆ. ಅಪ್ಪ ಒಂದು ಕೆಲಸ ಮಾಡಿದ. ಬಾಳವ್ವನಿಗೆ ಸೀರೆ ಉಡಿಸಿ, ತಲೆ ತಗ್ಗಿಸಿ ಕೂರಿಸಿ, ಇವಳೇ ಚನ್ನವ್ವ ಎಂದು ತೋರಿಸಿದ. ಬಂದವರು ಅವಲಕ್ಕಿ ಚೂಡಾ ತಿಂದು, ಚಹಾ ಕುಡಿದು, ಒಪ್ಪಿ ಹೋದರು. ಮದುವೆಯ ದಿನ ಬಾಳವ್ವನಿಗೆ ಮೈಮೇಲೆ ಅಮ್ಮ ಎದ್ದಿದ್ದಾಳೆಂದು ಹೇಳಿ ಕೊಲ್ಲಾಪುರದ ಸೋದರತ್ತೆಯ ಮನೆಗೆ ಸಾಗಿಸಿದರು. ಚನ್ನವ್ವನಿಗೆ ಅರಿಷಿಣ ಎಷ್ಟು ಬಳಿದರೆಂದರೆ, ಎರಡು ಊರಿನ ಅರಿಷಿಣ ಮುಗಿದು ಮೂರನೇ ಊರಿಗೆ ಆಳು ಓಡಿಸಿದರು. ಮೇಲೆ ಬಾಸಿಂಗ. ಒಳಗೆ ಇರುವುದು ಹೆಣ್ಣೋ ಕುಂಬಳಕಾಯಿಯೋ ಎಂದು ದೇವರಿಗೂ ತಿಳಿಯುವಂತಿರಲಿಲ್ಲ.

ಮದುವೆಯಾದ ನಾಲ್ಕನೇ ದಿನ ಅತ್ತೆ ಹೊಸ ಸೊಸೆಯನ್ನು ತಮ್ಮ ಹೊಲದ ಗಾಣಕ್ಕೆ ಕರೆದುಕೊಂಡು ಹೋದಳು. ಕಬ್ಬು ಅರೆಯುವ ದಿನಗಳು. ಬೆಲ್ಲದ ಕಡಾಯಿ ಕುದಿಯುತ್ತಿತ್ತು. ಸೊಸೆಯನ್ನು ಒಲೆಯ ಮುಂದೆ ಕೂರಿಸಿ, ಈ ಒಲೆಯೇ ನಮ್ಮ ಮನೆಯ ಲಕ್ಷ್ಮಿ, ನೋಡು ಎಂದು ಮೂರು ದಿನ ಅಲ್ಲೇ ಇಟ್ಟುಕೊಂಡಳು. ಏಳನೇ ದಿನ ಎಣ್ಣೆ ಹಚ್ಚಿ ನೀರು ಹಾಕಿದಾಗ ಅರಿಷಿಣ ಹೋಗಿ ಅಸಲು ಚನ್ನವ್ವ ಹೊರಗೆ ಬಂದಳು. ಅತ್ತೆ ಬಾಯಿ ತೆಗೆಯುವಷ್ಟರಲ್ಲಿ, ಮಗಳನ್ನು ಕರೆಯಲು ಬಂದಿದ್ದ ಚನ್ನವ್ವನ ಅಪ್ಪ ತಾನೇ ಕಟ್ಟೆಯ ಮೇಲೆ ಹತ್ತಿ ನಿಂತು ಎದೆ ಬಡಿದುಕೊಂಡ.

"ಬೆಣ್ಣಿಯಂಥ ಕೂಸ ಕೊಟ್ಟಿದ್ದೆ! ಗಾಣದ ಒಲಿ ಮುಂದ ಕುಂಡರಿಸಿ ನನ್ನ ಮಗಳ ಬಣ್ಣಾ ಸುಟ್ಟೀರಲ್ಲೋ!"

ಊರು ಕೂಡಿತು. ಬೀಗರು ತಲೆ ತಗ್ಗಿಸಿದರು. ಅತ್ತೆ ಕಣ್ಣಲ್ಲಿ ನೀರು ತಂದುಕೊಂಡು ತಪ್ಪಾಯಿತು ಎಂದಳು. ಅಂದಿನಿಂದ ಚನ್ನವ್ವ ಒಂದು ದಿನವೂ ನಡುಮಧ್ಯಾಹ್ನದ ಬಿಸಿಲಿಗೆ ಹೊಲಕ್ಕೆ ಹೋಗಲಿಲ್ಲ. ಹೋಗುತ್ತೇನೆಂದರೂ ಬಿಡುತ್ತಿರಲಿಲ್ಲ. ಗಂಡ ಗುರುಲಿಂಗಪ್ಪ ಹೋದ ಬಣ್ಣ ಬರಲಿ ಎಂದು ದಿನಾ ಬೆಳಿಗ್ಗೆ ಎಮ್ಮೆ ಹಾಲಿನ ಕೆನೆಯನ್ನು ಬಟ್ಟಲಲ್ಲಿ ತಂದು ಕೊಡುತ್ತಿದ್ದ. ಮುಖಕ್ಕೆ ಹಚ್ಚಿಕೋ ಎನ್ನುತ್ತಿದ್ದ. ಅವನು ಆಚೆ ಹೋದಮೇಲೆ ಚನ್ನವ್ವ ಅದಕ್ಕೆ ಸಕ್ಕರೆ ಹಾಕಿಕೊಂಡು ತಿನ್ನುತ್ತಿದ್ದಳು. ಅತ್ತೆ ಸಾಯುವಾಗ ತನ್ನ ಕೊರಳಿನ ಬಂಗಾರದ ಬೋರಮಾಳವನ್ನು ಹೆತ್ತ ಮಗಳಿಗೆ ಕೊಡದೆ ಚನ್ನವ್ವನ ಕೊರಳಿಗೆ ಹಾಕಿ, "ನಿನ್ನ ಬಣ್ಣಾ ನಾ ಕೆಡಿಸಿದೆ, ಮನಸ್ಸಿನ್ಯಾಗ ಇಟ್ಕೋಬ್ಯಾಡವಾ" ಎಂದು ಕಣ್ಣು ಮುಚ್ಚಿದಳು. ಹುಡುಗಿ ನೋಡಲು ಬಂದಿದ್ದ ಮಾವ, ಕಾಕಾ ಇಬ್ಬರೂ ಅದಕ್ಕೂ ಮೊದಲೇ ತೀರಿಹೋಗಿದ್ದರು. ಅವರು ತೀರಿಕೊಳ್ಳುವವರೆಗೆ, ಹನ್ನೆರಡು ವರ್ಷ, ಬಾಳವ್ವ ಮಮದಾಪುರದ ದಾರಿಯನ್ನೇ ತುಳಿದಿರಲಿಲ್ಲ.

ಹೀಗೆ ಗುಟ್ಟು ಅಕ್ಕ-ತಂಗಿಯರ ಹೊಟ್ಟೆಯಲ್ಲಿ ಭದ್ರವಾಗಿತ್ತು. ಕೆಡಿಸಿದ್ದು ಕಣ್ಣಿನ ಪೊರೆ.

ಎರಡು ತಿಂಗಳ ಹಿಂದೆ ಗೋಕಾಕದ ದವಾಖಾನೆಯಲ್ಲಿ ಚನ್ನವ್ವನ ಬಲಗಣ್ಣಿನ ಪೊರೆ ತೆಗೆದರು. ಆ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಎಡಗಣ್ಣನ್ನು ಚನ್ನವ್ವ ತಾನೇ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ತೆರೆದಿದ್ದರೆ ಡಾಕ್ಟರು ಅದನ್ನೂ ಕೊಯ್ದಾರೆಂಬ ಅನುಮಾನ. ನೋಡಲು ಹುಕ್ಕೇರಿಯಿಂದ ಬಾಳವ್ವ ಬಂದಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕೂತು ಕಾಲು ಒತ್ತುತ್ತಿದ್ದಳು. ಹಾಗೆ ಮಲಗಿ ಮಲಗಿ ಚನ್ನವ್ವನಿಗೆ ಹಳೆಯದೆಲ್ಲ ನೆನಪಾಗಿ ನಗು ಬಂತು.

"ಬಾಳೀ, ನಿನ್ನ ತೋರ್ಸಿ ನನ್ನ ದಾಟಿಸಿದ್ರಲ್ಲಽ, ಅಪ್ಪಂದ ಎಂಥಾ ಗುಂಡಿಗಿ ಅಂತೀನಿ" ಎಂದು ಶುರು ಮಾಡಿದವಳು ಅರಿಷಿಣ, ಕೊಲ್ಲಾಪುರ, ಗಾಣ, ಸಕ್ಕರೆ ಹಾಕಿದ ಕೆನೆ, ಎಲ್ಲ ಬಿಚ್ಚಿ ಹರವಿದಳು. ಸ್ಟೂಲು "ಹೂಂ" ಅಂದಿತು. ಮತ್ತೆ "ಹೂಂ" ಅಂದಿತು.

ಆಗ ಬಾಗಿಲಿನ ಕಡೆಯಿಂದ ಬಾಳವ್ವನ ದನಿ ಬಂತು: "ಅಕ್ಕಾ, ಚಾ ತಂದೇನಿ, ಏಳ."

ಚನ್ನವ್ವ ಎಡಗಣ್ಣು ತೆರೆದಳು. ಸ್ಟೂಲು ಖಾಲಿ ಇತ್ತು.

ಅವತ್ತು ದವಾಖಾನೆಗೆ ಬಂದಿದ್ದವರು ನಾಲ್ಕೇ ಜನ. ಬಾಳವ್ವ ಚಹಾಕ್ಕೆ ಹೋಗಿದ್ದಳು. ಗಂಡ ಗುರುಲಿಂಗಪ್ಪ ಕೆಳಗೆ ಔಷಧಿಯ ಸಾಲಿನಲ್ಲಿದ್ದ. ಮಗ ದುಂಡೇಶ ಗಾಡಿಯಲ್ಲಿ ಮಲಗಿದ್ದ. ಉಳಿದದ್ದು ಶೈಲಾ. ಆದರೆ ಶೈಲಾ ಏನೂ ಆಗಿಲ್ಲವೆಂಬಂತೆ ಒಳಗೆ ಬಂದು, "ಅತ್ತಿ, ಎಳನೀರ ಕುಡೀತೀರೇನ್ರಿ?" ಎಂದು ಕೇಳಿದಳು. ಏನೂ ಆಗಿಲ್ಲ ಎಂಬಂಥ ಆ ಮುಖ ನೋಡಿಯೇ ಚನ್ನವ್ವನ ಅನುಮಾನ ಗಟ್ಟಿಯಾಯಿತು.

ಮುಂದಿನ ವಾರ ಶೈಲಾ ಬಚ್ಚಲಲ್ಲಿ ಒಬ್ಬಳೇ ಮಾತಾಡುತ್ತಿದ್ದುದು ಬಾಗಿಲಾಚೆಗೆ ಕೇಳಿಸಿತು. ಕಾರ್ಯಕ್ರಮದ ಮೊದಲು ಅವಳು ಹೀಗೆ ಬಾಯಿಪಾಠ ಮಾಡುವುದು ರೂಢಿ. ಚನ್ನವ್ವ ಕಿವಿ ಹಚ್ಚಿದಳು. ನೀರಿನ ಸದ್ದಿನ ನಡುವೆ ಒಂದೇ ಮಾತು ಸ್ಪಷ್ಟವಾಗಿ ಬಂತು: "...ತೋರ್ಸಿದ್ದ ಒಬ್ಬಾಕಿನ್ನ, ಕೊಟ್ಟಿದ್ದ ಒಬ್ಬಾಕಿನ್ನ..."

ಮರುದಿನ ಗೋಕಾಕದ ಮಂಗಲ ಕಾರ್ಯಾಲಯದಲ್ಲಿ ಹೆಣ್ಣುಮಕ್ಕಳ ಸಂಘದ ಕಾರ್ಯಕ್ರಮ. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಹೇಳಿ ಚನ್ನವ್ವ ಒಬ್ಬಳೇ ಬಸ್ಸು ಹತ್ತಿದಳು. ಡಾಕ್ಟರು ಕೊಟ್ಟಿದ್ದ ಕಪ್ಪು ಚಸ್ಮಾ ಹಾಕಿ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಕೊನೆಯ ಸಾಲಿನ ಕಂಬದ ಮರೆಗೆ ಕೂತಳು.

ವೇದಿಕೆಯ ಮೇಲೆ ಶೈಲಾ ಮೈಕು ಹಿಡಿದು ಬಂದಳು.

"ನನ್ನ ನೋಡಾಕ ಹನ್ನೊಂದ ಕಡಿಯಿಂದ ಬಂದಿದ್ರರಿ. ಎಲ್ಲಾರೂ ಚೂಡಾ ತಿಂದ ಖಾಲಿ ಮಾಡಿ, ಕೈ ಒರಸ್ಕೊಂಡು, ಹುಡುಗಿ ಸ್ವಲ್ಪ ಕಪ್ ಅಂತ ಹೇಳಿ ಹೋದ್ರು. ಅಲ್ರಿ, ನಾ ಏನ ಚೂಡಾ ಮುಗಿಯೂ ಮಟಾ ಬೆಳ್ಳಗ ಇದ್ನೇನು? ಹನ್ನೆರಡನೇದಾವ್ರು ಬಂದಾಗ ನಮ್ಮಪ್ಪ ಬಾಗಲದಾಗ ನಿಂತ ಹೇಳಿದ, ಮೊದಲ ಹುಡುಗಿ ನೋಡ್ರಿ, ಆಮ್ಯಾಲೆ ಚೂಡಾ!"

ಮುನ್ನೂರು ಹೆಂಗಸರು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನಕ್ಕರು.

"ಹನ್ನೆರಡನೇದಾವ್ರೊಳಗ ನಮ್ಮತ್ತಿ ಬಂದಿದ್ರು. ಅವರ ನನ್ನ ಹೆಸರ ಕೇಳಲಿಲ್ಲ, ಸಾಲಿ ಕೇಳಲಿಲ್ಲ. ಸೀದಾ ಬಂದು ಬೆರಳಿಗೆ ಉಗುಳ ಹಚ್ಚಿ ನನ್ನ ಗಲ್ಲಾ ತಿಕ್ಕಿದ್ರು! ಅರಬಿ ಅಂಗಡ್ಯಾಗ ಸೀರಿ ಬಣ್ಣಾ ಬಿಡತೈತೇನಂತ ನೋಡ್ತೇವಲ್ರಿ, ಹಂಗ! ಬೆರಳ ನೋಡಿದ್ರು. ಪೌಡರ್ ಇಲ್ಲ, ಏನಿಲ್ಲ. 'ಇದ ಪಕ್ಕಾ ಬಣ್ಣ, ಬಿಡಾಂಗಿಲ್ಲ, ಇದನ್ನ ಕಟ್ರಿ' ಅಂದ್ರು."

ಕಂಬದ ಮರೆಯಲ್ಲಿ ಚನ್ನವ್ವನ ಕಿವಿ ಬಿಸಿಯಾಯಿತು. ಅದು ನಿಜವೇ ಆಗಿತ್ತು. ಬೇರೊಬ್ಬಳನ್ನು ತೋರಿಸುತ್ತಿದ್ದಾರೋ ಏನೋ ಎಂಬ ಅನುಮಾನಕ್ಕೆ ಅವತ್ತು ಗಲ್ಲ ತಿಕ್ಕಿದ್ದಳು. ತೋರಿಸಿದ ಹುಡುಗಿಯೇ ಕರಿ ಹುಡುಗಿ, ಮೋಸವಿಲ್ಲ ಎಂದು ತಿಳಿದು ಅಲ್ಲೇ ಹೂಂ ಅಂದಿದ್ದಳು. ಯಾಕೆ ಅಂದಳೆಂದು ಊರಿಗೆಲ್ಲ ಆಶ್ಚರ್ಯವಾಗಿತ್ತು.

ನಗು ಇಳಿಯುವ ಮೊದಲೇ ಶೈಲಾ ದನಿ ತಗ್ಗಿಸಿದಳು. "ಇನ್ನೊಂದ ಕಥಿ ಹೇಳತೇನ್ರಿ. ಒಂದ ಊರಾಗ ಕನ್ಯಾ ನೋಡಾಕ ಹೋದ್ರಂತ. ಅಲ್ಲಿ ತೋರ್ಸಿದ್ದ ಒಬ್ಬಾಕಿನ್ನ..."

"ಹಾವು!" ಎಂದು ಚನ್ನವ್ವ ಕಿರುಚಿದಳು.

ಮುನ್ನೂರು ಹೆಂಗಸರು ಒಮ್ಮೆಲೇ ಕುರ್ಚಿಗಳ ಮೇಲೆ ಹತ್ತಿದರು. ಅಷ್ಟು ಹೊತ್ತು ಮಂಡಿ ನೋವೆಂದು ನರಳುತ್ತಿದ್ದ ಒಬ್ಬ ಅಜ್ಜಿ ಎಲ್ಲರಿಗಿಂತ ಮೊದಲು ಕಿಟಕಿಯ ಮೇಲಿದ್ದಳು. ಕಾರ್ಯಕ್ರಮ ಅಲ್ಲಿಗೆ ಮುಗಿಯಿತು.

ಆ ದಿನ ಮನೆಯಲ್ಲಿ ಶೈಲಾ ರೊಟ್ಟಿ ಬಡಿಯುತ್ತ ಹೇಳಿದಳು: "ಅತ್ತಿ, ಇವತ್ತ ಗೋಕಾಕದಾಗ ಹಾವ ಬಂದಿತ್ರಿ."

"ಹೌದಾ? ಎಷ್ಟ ಉದ್ದ ಇತ್ತ?"

"ಉದ್ದ ಗೊತ್ತಿಲ್ರಿ. ಕಪ್ಪ ಚಸ್ಮಾ ಹಾಕ್ಕೊಂಡಿತ್ತಂತ."

ಚನ್ನವ್ವ ಬಾಯಲ್ಲಿದ್ದ ರೊಟ್ಟಿಯನ್ನು ಅಗಿಯುವುದನ್ನೇ ಮರೆತಳು. ಇವಳಿಗೆ ತಾನು ಬಂದದ್ದು ಗೊತ್ತು. ಹಾಗಿದ್ದರೆ ಯಾಕೆ ಬಂದೆ ಎಂಬುದೂ ಗೊತ್ತು. ಗೊತ್ತಿದ್ದೂ ಯಾಕೆ ಕೇಳುತ್ತಿಲ್ಲ?

ಮುಂದಿನ ಮೂಡಲಗಿಯ ಕಾರ್ಯಕ್ರಮಕ್ಕೆ ಚನ್ನವ್ವ ಮುಚ್ಚುಮರೆ ಮಾಡದೆ ಸೊಸೆಯ ಜೊತೆಗೇ ಗಾಡಿ ಹತ್ತಿದಳು. ಮೊದಲ ಸಾಲಿನಲ್ಲಿ, ಮೈಕಿನ ನೇರಕ್ಕೆ ಕೂತು ಶೈಲಾಳ ಬಾಯಿಯನ್ನೇ ದಿಟ್ಟಿಸತೊಡಗಿದಳು. ಬೆಕ್ಕು ಇಲಿಯ ಬಿಲವನ್ನು ಹಾಗೆ ನೋಡಿದರೆ ಇಲಿ ಒಳಗೇ ಸಾಯಬೇಕು. ಶೈಲಾ ಮಾತ್ರ ಮುಗುಳ್ನಗುತ್ತ ಬೇರೆ ಕಥೆ ತೆಗೆದಳು.

"ಏಳ ದಿನದಾಗ ಬೆಳ್ಳಗ ಆಗತೀರಿ ಅಂತ ಡಬ್ಬಿ ಮ್ಯಾಲೆ ಬರದಿತ್ರಿ. ತಂದ್ನಿ, ಹಚ್ಚಿದ್ನಿ. ಎಂಟನೇ ದಿನ ಹಿಂಡಾಕ ಹೋದ್ರ ನಮ್ಮ ಎಮ್ಮಿ ಝಾಡಿಸಿ ಒದೀತು. ಗುರುತ ಹತ್ತಲಿಲ್ಲೇನು, ಅಷ್ಟ ಬೆಳ್ಳಗ ಆಗೇನೇನು ಅಂತ ಕನ್ನಡ್ಯಾಗ ನೋಡಿದ್ರ ಹಂಗ ಅದೇನಿ! ಎಮ್ಮಿ ಒದ್ದಿದ್ದ ಕ್ರೀಮಿನ ವಾಸನಿಗೆ. ಸಿಟ್ಟ ಬಂತು, ಉಳದಿದ್ದ ಕ್ರೀಮೆಲ್ಲಾ ಎಮ್ಮಿಗೆ ಹಚ್ಚಿದ್ನಿ. ಎಮ್ಮಿನೂ ಕರ್ರಗಽ ಉಳೀತು. ಹಾಲ ಮಾತ್ರ ಬೆಳ್ಳಗಽ ಕೊಡಾಕತೈತಿ. ಏನ್ರಿ ಗಂಡಸರ, ಸಂತ್ಯಾಗ ಎಮ್ಮಿ ಕೊಳ್ಳಾಕ ಹೋದಾಗ ಸ್ವಲ್ಪ ಬೆಳ್ಳನ್ನದ ತೋರ್ಸ ಅಂತ ಯಾರರ ಕೇಳೀರೇನ್ರಿ? ಕರದಂಟ ಕರ್ರಗ ಐತಂತ ಗೋಕಾಕದಾಗ ಯಾರರ ಬಿಟ್ಟಬಂದೀರೇನ್ರಿ? ಮತ್ತ ನನ್ನಂಥಾಕಿನ್ನ ನೋಡಿದಾಗ ಮಾತ್ರ ಕಣ್ಣಿಗೇನ ಬಡದಿರತೈತಿ ನಿಮಗ?"

ನಗಬಾರದೆಂದು ಚನ್ನವ್ವ ತುಟಿ ಕಚ್ಚಿದಳು. ತೊಡೆ ಚಿವುಟಿಕೊಂಡಳು. ಕೊನೆಗೆ ತನ್ನದೆಂದು ತಿಳಿದು ಪಕ್ಕದವಳ ತೊಡೆ ಚಿವುಟಿದಳು. ಆದರೂ ನಗು ಒಡೆಯಿತು. ನಕ್ಕು ನಕ್ಕು ಕಪ್ಪು ಚಸ್ಮಾ ಜಾರಿ ಮಡಿಲಿಗೆ ಬಿತ್ತು. ಇಷ್ಟು ಒಳ್ಳೆಯ ಬಾಯಿ ನನ್ನ ಮನೆಯನ್ನು ಯಾಕೆ ಕೆಡಿಸೀತು ಎಂದು ಒಂದು ಗಳಿಗೆ ಅನ್ನಿಸಿತು.

ಆ ಗಳಿಗೆ ಬಹಳ ಹೊತ್ತು ಬಾಳಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಹೆಂಗಸರು ಪಾಳಿ ಹಚ್ಚಿ ನಿಂತಿದ್ದರು. ಒಬ್ಬೊಬ್ಬರೇ ಬಂದು ಶೈಲಾಳ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಶೈಲಾ ತಲೆ ಅಲ್ಲಾಡಿಸುತ್ತ ಸಣ್ಣ ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಒಬ್ಬ ಮುದುಕಿಯಂತೂ ಹೇಳಿ ಮುಗಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಗುರಾಗಿ ಹೋದಳು.

ವಾಪಸು ಬರುವಾಗ ಚನ್ನವ್ವ ತಡೆಯಲಾರದೆ ಕೇಳಿದಳು: "ಏನ ಹೇಳಿದ್ಲ ಆ ಮುದುಕಿ?"

"ಅದ ಆಕಿ ಗುಟ್ಟರಿ, ಅತ್ತಿ. ಬೇಕಾದ್ರ ಹೆಸರ ಹಾಕದ ಮಂದಿಗಿ ಹೇಳವಾ ಅಂದಾಳ. ಎಲ್ಲಾರೂ ಬಂದ ಹೇಳತಾರ, ನಾ ಕೂಡಿಸಿ ಒಂದ ಕಥಿ ಮಾಡತೇನಿ."

"ನನಗ ಹೇಳ."

"ಹಂಗಾರ ನಿಮ್ಮ ಗುಟ್ಟ ಆಕಿಗಿ ಹೇಳಿಬರ್ಲೇನ್ರಿ?"

ಗಾಡಿ ನಡೆಸುತ್ತಿದ್ದ ದುಂಡೇಶ ನಕ್ಕ. "ನಮ್ಮವ್ವಗ ಎಂಥಾ ಗುಟ್ಟ ಇರತೈತಿ!"

ಚನ್ನವ್ವ ಕಿಟಕಿಯ ಕಡೆ ತಿರುಗಿದಳು. ಇದು ಸುಮ್ಮನೆ ಆಡಿದ ಮಾತೋ, ಗೊತ್ತಿದ್ದು ಆಡಿದ್ದೋ? ಮೂಡಲಗಿಯಿಂದ ಮಮದಾಪುರದವರೆಗೆ ರಸ್ತೆಯ ಪಕ್ಕದ ಕಬ್ಬಿನ ಗಣಿಕೆಗಳೆಲ್ಲ ತನ್ನನ್ನೇ ನೋಡಿ ಪಿಸುಗುಟ್ಟುತ್ತಿದ್ದಂತೆ ಕಂಡಿತು.

ಮೂರನೆಯದು ಹುಕ್ಕೇರಿ. ಈ ಸಲ ಕಲಾವಿದೆಯ ಮನೆಯವರಿಗೆ ಶಾಲು ಹೊದಿಸಿ ಸತ್ಕಾರ ಮಾಡುತ್ತೇವೆ, ಎಲ್ಲರೂ ಬರಬೇಕು ಎಂದು ಕರೆ ಬಂದಿತ್ತು. ಗುರುಲಿಂಗಪ್ಪ ಇದುವರೆಗೆ ಸೊಸೆಯ ಒಂದು ಕಾರ್ಯಕ್ರಮವನ್ನೂ ಕೇಳಿರಲಿಲ್ಲ. ಈಗ ಹೊಸ ಧೋತರ ಉಟ್ಟು, ರುಮಾಲು ಸುತ್ತಿ ಸಿದ್ಧನಾದ.

"ನೀವ್ಯಾಕ ಬರ್ತೀರಿ? ಎಮ್ಮಿ ನೋಡ್ಕೊಳ್ಳಾವ್ರ ಬೇಕಲ್ಲ" ಎಂದಳು ಚನ್ನವ್ವ.

"ಬಾಜೂ ಮನಿಯಾವ್ರಿಗಿ ಹೇಳೇನಿ."

"ಅಲ್ಲಿ ಬರೇ ಹೆಣ್ಣಮಕ್ಕಳ ಮಾತಿರತಾವು."

"ಸೊಸಿ ಕರದಾಳ. ನೀ ಯಾಕ ತಡಿಯಾಕತ್ತಿ?" ಎಂದು ಗುರುಲಿಂಗಪ್ಪ ರುಮಾಲಿನ ಕೆಳಗಿಂದ ಅವಳನ್ನು ನೋಡಿದ. ಅನುಮಾನ ಈ ಮನೆಯಲ್ಲಿ ಮೊದಲ ಸಲ ತಿರುಗಿ ಬಂದು ಚನ್ನವ್ವನ ಮೇಲೆ ಬಿದ್ದಿತ್ತು.

ಮಧ್ಯಾಹ್ನ ಮೂರಕ್ಕೆ ಹುಕ್ಕೇರಿಯ ಸಭಾಂಗಣ ತುಂಬಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಬಾಳವ್ವ ಬಂದು ಅಕ್ಕನ ಪಕ್ಕ ಕೂತಳು. ಕಾಲ ಯಾರನ್ನೂ ಬಿಡಲಿಲ್ಲ. ಬೆಣ್ಣೆಯಂಥ ಬಾಳವ್ವ ಈಗ ಮಡಚಿಟ್ಟ ಹಪ್ಪಳದಂತೆ ಆಗಿದ್ದಳು.

"ಅಕ್ಕಾ, ಯಾಕ ನಡಗಾಕತ್ತಿ?"

"ಹೇಳತಾಳ ಇವತ್ತ. ನಮ್ಮ ಮನಿಯಾವ್ರ ಮುಂದನ ಹೇಳತಾಳ."

ಶೈಲಾ ಹೇಳಿಯೇಬಿಟ್ಟಳು. ಚೂಡಾ ಆಯಿತು, ಗಲ್ಲ ಆಯಿತು, ಎಮ್ಮೆ ಆಯಿತು. ಆಮೇಲೆ ದನಿ ತಗ್ಗಿಸಿ, "ಒಂದ ಊರಾಗ ಕನ್ಯಾ ನೋಡಾಕ ಹೋದ್ರಂತ್ರಿ. ತೋರ್ಸಿದ್ದ ಬೆಳ್ಳನ್ನ ತಂಗೀನ್ನ, ಕೊಟ್ಟಿದ್ದ ಕರ್ರನ್ನ ಅಕ್ಕನ್ನ. ಅರಿಷಿಣ ತೊಳದಮ್ಯಾಲೆ ಬೀಗರು ಹೌಹಾರಿದ್ರು. ಹುಡುಗಿ ಅಪ್ಪ ಏನಂದಾ? 'ನಿಮ್ಮೂರ ನೀರ ಸರಿ ಇಲ್ರಿ! ನಾಕ ಕೊಡ ಸುರುವಿದ್ದಕ್ಕ ಕೂಸ ಕಪ್ಪಾತು!' ಆ ಬೀಗರೋ ಪಾಪ, ಐದ ಹರದಾರಿಯಿಂದ ಸಿಹಿನೀರ ತರಿಸಿ ಸೊಸಿಗೆ ಎರದ್ರಂತ, ಇಪ್ಪತ್ತ ವರ್ಷ! ಎಂಥಾ ಕಾಲ ನೋಡ್ರಿ, ಊರ ನೀರ ಕೆಟ್ಟೈತಿ ಅಂತ ನಂಬತಾರ, ಹುಡುಗಿ ಕರ್ರಗ ಹುಟ್ಟತಾಳ ಅಂತ ನಂಬಾಂಗಿಲ್ಲ!"

ಹೆಂಗಸರ ಕಡೆ ನಗುವಿನ ನಡುವೆ ಒಬ್ಬ ಅಜ್ಜಿ ಎದ್ದು ನಿಂತಳು. "ಏ ತಂಗಿ, ಇದ ನಮ್ಮ ಮನಿ ಕಥಿ! ಯಾರ ಹೇಳಿದ್ರ ನಿನಗ?"

ಎರಡು ಸಾಲು ಹಿಂದಿನಿಂದ ಇನ್ನೊಬ್ಬಳು ಎದ್ದಳು. "ನಿಮ್ದೆಲ್ಲಿಂದ ಬಂತ? ಅದ ನಂದು! ನನ್ನ ತೋರ್ಸಿ ನಮ್ಮಕ್ಕನ್ನ ಕೊಟ್ಟಾರ."

"ಏ ಕುಂಡ್ರ, ನಮ್ಮತ್ತಿದು ಅದು" ಎಂದು ಮೂರನೆಯವಳು ಎದ್ದಳು.

ಚನ್ನವ್ವ ಒಬ್ಬೊಬ್ಬರನ್ನೇ ತಿರುಗಿ ತಿರುಗಿ ನೋಡಿದಳು. ಐವತ್ತು ವರ್ಷ ಹೊಟ್ಟೆಯಲ್ಲಿಟ್ಟು ಕಾಪಾಡಿದ ಗುಟ್ಟು ಇಲ್ಲಿ ಸಂತೆಯ ಬದನೆಕಾಯಿಯಂತೆ ಬಿದ್ದಿತ್ತು. ಯಾರ್‍ಯಾರೋ ಬಂದು ನನ್ನದು ನನ್ನದು ಎನ್ನುತ್ತಿದ್ದರು. ಅದರ ಮೇಲೆ ನೀರಂತೆ ನೀರು! ಅಪ್ಪನಂಥ ಅಪ್ಪ ಕಟ್ಟೆಯ ಮೇಲೆ ನಿಂತು ಎದೆ ಬಡಿದುಕೊಂಡದ್ದನ್ನು ನಾಲ್ಕು ಕೊಡ ನೀರಿಗೆ ಇಳಿಸಿದ್ದರು. ಬಾಳವ್ವ ಸೆರಗು ಜಗ್ಗುತ್ತಿದ್ದಳು. ಚನ್ನವ್ವ ಎದ್ದು ನಿಂತಾಗಿತ್ತು.

"ನೀರಲ್ಲ! ಒಲಿ! ಗಾಣದ ಒಲಿ!" ಎಂದು ಕೂಗಿದಳು. "ಈ ಬಾಳೀನ್ನ ತೋರ್ಸಿ ನನ್ನ ಕೊಟ್ಟಾರ! ಮೂರ ಊರ ಅರಿಷಿಣ ಬಳದಾರ ನನಗ! ಗಾಣದ ಒಲಿ ನನ್ನ ಬಣ್ಣಾ ಸುಟ್ಟತಂತ ಊರ ಕೂಡಿಸಿದಾವ ನಮ್ಮಪ್ಪ! ಕಥಿ ಅಂದ್ರ ಇದು. ಇದರ ಮುಂದ ನಿಮ್ಮ ನೀರ ಯಾವ ಲೆಕ್ಕ?"

ಎದ್ದಿದ್ದ ಮೂವರೂ ಸೋತು ಕೂತರು. ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಆ ಚಪ್ಪಾಳೆಯ ಆಚೆಗೆ, ಗಂಡಸರ ಕಡೆ, ಒಂದು ರುಮಾಲು ಮಾತ್ರ ಅಲ್ಲಾಡದೆ ಇತ್ತು. ಅದನ್ನು ನೋಡಿದ ಮೇಲೆ ಚನ್ನವ್ವನಿಗೆ ತಾನು ಏನು ಮಾಡಿದೆ ಎಂದು ತಿಳಿಯಿತು.

ಶೈಲಾ ವೇದಿಕೆಯಿಂದ ಇಳಿದು ಓಡಿಬಂದಳು. "ಅತ್ತಿ, ನಾ ನಿಮ್ದ ಹೇಳಾಕತ್ತಿದ್ದಿಲ್ರಿ! ಇದ ಗೋಕಾಕಕ್ಕೂ ಮೊದಲ ನಾಕ ಮಂದಿ ಹೇಳಿದ್ದು, ಮೂಡಲಗಿ ಅಜ್ಜಿದೂ ಅದರಾಗ ಕೂಡಿಸೇನಿ."

"ಮತ್ತ ಅವತ್ತ ಸ್ಟೂಲ್ ಮ್ಯಾಲೆ ಯಾರ ಇದ್ರು?"

"ನಾನ ಇದ್ನಿ. ಎಲ್ಲಾ ಕೇಳೇನಿ. ಆದ್ರ ನೀವು ಹೇಳ ಅನ್ನೂ ಮಟಾ ಬಾಯಿ ಬಿಡಬಾರದಂತ ಇದ್ನಿ. ಬಿಟ್ಟಾವ್ರ ನೀವಽ."

ಸತ್ಕಾರ ಆಯಿತು. ಗುರುಲಿಂಗಪ್ಪ ಶಾಲು ಹೊದಿಸಿಕೊಂಡ, ಹಾರ ಹಾಕಿಸಿಕೊಂಡ. ಮುಖ ಮಾತ್ರ ಕಲ್ಲಿನ ನಂದಿಯ ಮುಖ. ಬಾಳವ್ವನನ್ನು ಹುಕ್ಕೇರಿಯಲ್ಲೇ ಬಿಟ್ಟು ಉಳಿದವರು ಗಾಡಿ ಹತ್ತಿದರು. ದುಂಡೇಶ ಗೋಕಾಕದ ಕಡೆ ಗಾಡಿ ತಿರುಗಿಸಿದ.

"ಆ ಕಡಿ ಬ್ಯಾಡ. ಸಂಕೇಶ್ವರಕ್ಕ ಹೊಡಿ" ಎಂದ ಗುರುಲಿಂಗಪ್ಪ.

ಚನ್ನವ್ವನಿಗೆ ಅನುಮಾನ ಹೊಕ್ಕಿತು. ಸಂಕೇಶ್ವರವೆಂದರೆ ತವರು. ಈ ವಯಸ್ಸಿನಲ್ಲಿ ತವರಿಗೆ ಕರೆದೊಯ್ದು ಬಿಟ್ಟು ಬರುತ್ತಾನೆ. ಅಪ್ಪ ಇಲ್ಲ, ಅವ್ವ ಇಲ್ಲ, ಇರುವವನು ಒಬ್ಬ ತಮ್ಮ ಕೇದಾರಿ, ಅವನಿಗೇ ಅವನ ಸೊಸೆಯಂದಿರು ಸರಿಯಾಗಿ ಚಹಾ ಕೊಡುವುದಿಲ್ಲ.

"ಏನ್ರಿ, ಒಂದ ಮಾತ ಆಡ್ರಿ" ಎಂದಳು.

ಗುರುಲಿಂಗಪ್ಪ ರಸ್ತೆಯನ್ನೇ ನೋಡುತ್ತ ಹೇಳಿದ: "ನನಗೇನಿಲ್ಲ. ನಾ ಆ ಬಾಳವ್ವನ್ನ ನೋಡಿದ್ನೇನ ಅವತ್ತ? ನಾ ನೋಡಿದಾಕಿ ನೀ ಒಬ್ಬಾಕಿ. ಆದ್ರ ನಮ್ಮವ್ವ? ಸಾಯೂ ಮಟಾ ಆ ಒಲಿ ಮುಂದ ಹೋಗಿ ಕುಂತ ಅಳತಿದ್ಲು. ಆಕಿಗರ ಹೇಳಬೇಕಿತ್ತ ನೀ."

ಚನ್ನವ್ವನ ಕೊರಳಿಗೆ ಅತ್ತೆ ಹಾಕಿದ್ದ ಬೋರಮಾಳ ಒಮ್ಮೆಲೇ ಒಂದು ಮಣ ಭಾರವಾಯಿತು.

ಸಂಕೇಶ್ವರದಲ್ಲಿ ಕೇದಾರಿ ಅಂಗಳದಲ್ಲಿ ಕೂತು ಶೇಂಗಾ ಬಿಡಿಸುತ್ತಿದ್ದ. ಶಾಲು, ಹಾರ ಹಾಕಿಕೊಂಡು ಗಾಡಿಯಿಂದಿಳಿದ ಅಕ್ಕನ ಗಂಡನನ್ನು ಕಂಡು ಎದ್ದು ನಿಂತ. "ಬರ್ರಿ ಮಾವಾರ! ಏನ ಇದ್ದಕ್ಕಿದ್ದಂಗ?"

"ಕೇದಾರಿ, ನಿಮ್ಮಪ್ಪ ಇಲ್ಲ, ನೀ ಅದಿ. ನಿಮ್ಮಪ್ಪ ನಮ್ಮ ಕಟ್ಟಿ ಮ್ಯಾಲೆ ನಿಂತ ಊರ ಕೇಳೂವಂಗ ಒಂದ ಸುಳ್ಳ ಹೇಳಿದ. ನೀ ಈಗ ನಿಮ್ಮ ಕಟ್ಟಿ ಮ್ಯಾಲೆ ನಿಂತ ಒಂದ ಖರೆ ಹೇಳಬೇಕು. ಗಾಣದ ಒಲಿದು ತಪ್ಪಿಲ್ಲ, ನಮ್ಮಕ್ಕ ಹುಟ್ಟಿದ್ದ ಕರ್ರಗ, ಅಂತ. ಜೋರಲೆ ಹೇಳ. ನಮ್ಮವ್ವಗ ಕೇಳಬೇಕು."

ಕೇದಾರಿ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡುತ್ತಿದ್ದಳು. ಅವನು ಕಟ್ಟೆ ಹತ್ತಿ, ಗಂಟಲು ಸರಿ ಮಾಡಿಕೊಂಡು, ಸಾಲದ ಅರ್ಜಿ ಓದಿದಂತೆ ಮೆಲ್ಲಗೆ ಹೇಳಿದ.

"ಕೇಳಲಿಲ್ಲ" ಎಂದ ಗುರುಲಿಂಗಪ್ಪ.

ಕೇದಾರಿ ಇನ್ನೊಮ್ಮೆ ಹೇಳಿದ. ಓಣಿಯ ಬಾಗಿಲುಗಳೆಲ್ಲ ತೆರೆದವು. ಜನ ಬಂದು ನಿಂತರು.

"ಇನ್ನೂ ಜೋರ. ನಮ್ಮವ್ವಗ ಕಿವಿ ಮಂದಿತ್ತು."

ಆಗ ಚನ್ನವ್ವ ಸೆರಗು ಸಿಕ್ಕಿಸಿಕೊಂಡು ತಾನೇ ಕಟ್ಟೆ ಹತ್ತಿದಳು. ತಮ್ಮನನ್ನು ಬದಿಗೆ ಸರಿಸಿದಳು. ಮಮದಾಪುರದ ದಿಕ್ಕಿಗೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು:

"ಅತ್ತೀ! ನಾ ಹುಟ್ಟಿದ್ದಽ ಕರ್ರಗರಿ! ನಿಮ್ಮ ಒಲಿದು ಏನೂ ತಪ್ಪಿಲ್ರೀ!"

ಆ ಕೂಗಿಗೆ ಹಿರಣ್ಯಕೇಶಿ ಹೊಳೆಯ ಆಚೆ ದಂಡೆಯಲ್ಲಿ ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು, ಸಕ್ಕರೆ ಕಾರ್ಖಾನೆಯ ಸೈರನ್ನು ಹೊತ್ತಿಗೆ ಮುಂಚೆ ಆಯಿತೇನೋ ಎಂದು ಕೆಲಸದವರು ಬುತ್ತಿ ಬಿಚ್ಚಿದರು ಎಂದು ಈಗಲೂ ಹೇಳುತ್ತಾರೆ. ಓಣಿಯವರು ಬಾಯಿ ತೆರೆದು ನಿಂತಿದ್ದರು. ಚನ್ನವ್ವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಶೈಲಾ ಅಂದು ನಗಲಿಲ್ಲ, ವಹಿ ತೆಗೆಯಲಿಲ್ಲ.

"ಹಾಂ" ಎಂದ ಗುರುಲಿಂಗಪ್ಪ. "ಈಗ ಕೇಳಿರತೈತಿ."

ಎಲ್ಲರೂ ಒಳಗೆ ಕೂತು ಚಹಾ ಕುಡಿದರು. ಕುಡಿದು ಮುಗಿಸಿ ಗುರುಲಿಂಗಪ್ಪ ಎದ್ದ, ದುಂಡೇಶ ಎದ್ದ, ಶೈಲಾ ಎದ್ದಳು. ಚನ್ನವ್ವ ಏಳಲಿಲ್ಲ. ಏಳು ಎಂದು ಯಾರೂ ಹೇಳಿರಲಿಲ್ಲ. ಗಂಡ ಚಪ್ಪಲಿ ಮೆಟ್ಟಿ ಅಂಗಳ ದಾಟುವವರೆಗೂ ಅವಳು ಖಾಲಿ ಕಪ್ಪು ಹಿಡಿದು ಕೂತೇ ಇದ್ದಳು.

ಅಂಗಳದಾಚೆಯ ಅಗಸಿ ಬಾಗಿಲಿನಿಂದ ಗಂಡನ ದನಿ ಬಂತು. "ಏ ಚನ್ನಿ, ಅಲ್ಲೇ ಬೇರ ಬಿಟ್ಟೀಯೇನ? ಏಳ."

ಚನ್ನವ್ವ ಎದ್ದು ಗಾಡಿಯವರೆಗೆ ಬಂದಳು. ಬಂದು ನಿಂತು ಕೇಳಿದಳು: "ಖರೇನ ಮನಿಗಿ ಒಯ್ಯಾಕತ್ತೀರೇನ, ಇಲ್ಲಾ ಹಾದ್ಯಾಗ ಎಲ್ಲೆರ ಇಳಿಸಿ ಹೋಗತೀರೋ?"

ಗುರುಲಿಂಗಪ್ಪ ಹಿಂದಿನ ಬಾಗಿಲು ತೆರೆದು ಹಿಡಿದ. ಚನ್ನವ್ವ ಬಾಗಿಲಿನ ಹಿಡಿಕೆ ನೋಡಿದಳು, ಗಂಡನ ಮುಖ ನೋಡಿದಳು. ಆಮೇಲೆ ಒಳಗೆ ಹತ್ತಿ, ಬಾಗಿಲಿನ ಕಡೆ ಕೂರದೆ, ಶೈಲಾಳನ್ನು ಆಚೆಗೆ ತಳ್ಳಿ, ಗಂಡನನ್ನು ಈಚೆಗೆ ಎಳೆದು ಹತ್ತಿಸಿಕೊಂಡು, ಯಾರು ಎಳೆದರೂ ಹೊರಗೆ ಬರದ ಹಾಗೆ ಇಬ್ಬರ ನಡುವೆ ಗಟ್ಟಿಯಾಗಿ ಕೂತಳು.